ಬೀಗದ ಕೈ ಯಾರ ಸೊಂಟದಲ್ಲಿದೆ?



ನಮ್ಮ ಸಂಘಗಳ ಹಣದ ಪೆಟ್ಟಿಗೆ ಒಬ್ಬಾಕೆಯ ಮನೆಯಲ್ಲಿರುತ್ತದೆ. ಅದರ ಬೀಗದ ಕೈ ಇನ್ನೊಬ್ಬಾಕೆಯ ಹತ್ತಿರ, ಲೆಕ್ಕದ ಪುಸ್ತಕ ಮೂರನೆಯವಳ ಹತ್ತಿರ. ಯಾರ ಮೇಲೋ ಅನುಮಾನವಿದೆಯೆಂದು ಹೀಗೆ ಮಾಡಿಕೊಂಡದ್ದಲ್ಲ. ಒಬ್ಬರ ಕೈಯಲ್ಲೇ ಎಲ್ಲವೂ ಇದ್ದರೆ ಒಳ್ಳೆಯವರಿಗೂ ಒಂದು ದಿನ ಕೆಟ್ಟ ಗಳಿಗೆ ಬರಬಹುದು ಎಂದು ತಿಳಿದು ಮಾಡಿಕೊಂಡದ್ದು. ವಾರಕ್ಕೆ ಇಪ್ಪತ್ತು, ಐವತ್ತು ರೂಪಾಯಿ ಕೂಡಿಟ್ಟ ಹಣಕ್ಕೆ ಇಷ್ಟು ಎಚ್ಚರ ವಹಿಸುವ ನಾವು, ಮನೆಯೊಳಗಿರುವ ಪಿಸ್ತೂಲಿನ ವಿಷಯದಲ್ಲಿ ಮಾತ್ರ ಯಾಕೆ ಬಾಯಿ ಬಿಡುವುದಿಲ್ಲ?

"ನಮ್ಮಂಥವರ ಮನೆಯಲ್ಲಿ ಪಿಸ್ತೂಲು ಎಲ್ಲಿ ಬಂತು?" ಎಂದು ಕೆಲವರು ಕೇಳಬಹುದು. ಮಲೆನಾಡಿನವರು ಹಾಗೆ ಕೇಳಲಾರರು. ಬೆಳೆ ಕಾಯಲು ಲೈಸೆನ್ಸು ಪಡೆದ ಕೋವಿಗಳು ಅಲ್ಲಿ ಎಷ್ಟೋ ಮನೆಗಳಲ್ಲಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಇನ್ನು ಬಯಲುಸೀಮೆಗೆ, ಪೇಟೆಗೆ ಬನ್ನಿ. ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನ ಕಾವಲಿಗೆ ನಿಂತವರ ಹತ್ತಿರ ಸ್ವಂತ ಕೋವಿ ಇರುತ್ತದೆ. ಕಲ್ಲು ಕ್ವಾರಿಯವರು, ಸೈಟು ವ್ಯಾಪಾರದವರು, ಫೈನಾನ್ಸಿನವರು, ರಾಜಕೀಯದವರು ಇವರಲ್ಲಿ ಅನೇಕರಿಗೆ ಸೊಂಟದ ಪಿಸ್ತೂಲು ಈಗ ಕೈಗಡಿಯಾರದ ಹಾಗೆ ಒಂದು ದೊಡ್ಡಸ್ತಿಕೆ. ಆ ಮನೆಗಳಲ್ಲಿ ಕಸ ಗುಡಿಸಿ, ಪಾತ್ರೆ ತೊಳೆಯುವವರು ಯಾರು? ನಾವೇ. ಶಾಲೆಗೆ ರಜೆ ಇದ್ದ ದಿನ ಆ ಮನೆಯ ಮಗುವಿನ ಜೊತೆ ಆಡಿಕೊಂಡಿರಲು ನಮ್ಮ ಮಗುವನ್ನೂ ಕರೆದೊಯ್ಯುವವರು ಯಾರು? ನಾವೇ. ಆದ್ದರಿಂದ ಇದು ಶ್ರೀಮಂತರ ಮನೆಯ ಮಾತು ಎಂದು ಪುಟ ತಿರುಗಿಸಬೇಡಿ.

ಬೀರು ಪೆಟ್ಟಿಗೆಯಲ್ಲ

ಪಿಸ್ತೂಲು ಎಲ್ಲಿರುತ್ತದೆ ಎಂದು ಕೇಳಿ ನೋಡಿ. "ಭದ್ರವಾಗಿದೆ, ಬೀರುವಿನಲ್ಲಿದೆ" ಎಂಬ ಉತ್ತರ ಬರುತ್ತದೆ. ಯಾವ ಬೀರು? ಮದುವೆಯಲ್ಲಿ ಹೆಣ್ಣಿನ ಕಡೆಯವರು ಸಾಲ ಮಾಡಿ ಕೊಟ್ಟ ಬೀರು. ಕೆಳಗಿನ ಅರೆಯಲ್ಲಿ ಆಕೆಯ ಸೀರೆ, ಮೇಲಿನ ಅರೆಯಲ್ಲಿ ಆತನ ಪಿಸ್ತೂಲು. ಅದರ ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿರುತ್ತದೆ, ಇಲ್ಲವೇ ದಿಂಬಿನ ಕೆಳಗೆ, ಇಲ್ಲವೇ ದೇವರ ಪಟದ ಹಿಂದೆ. ಚಕ್ಕುಲಿ ಡಬ್ಬ ಎಲ್ಲಿದೆ, ಅಪ್ಪ ಬೀಡಿ ಎಲ್ಲಿ ಬಚ್ಚಿಡುತ್ತಾನೆ ಎಂದು ತಿಳಿದ ಮಕ್ಕಳಿಗೆ ಇದು ತಿಳಿಯುವುದಿಲ್ಲವೇ? ಅಮೆರಿಕದ ಅಲಬಾಮಾ ರಾಜ್ಯದ ಹಳ್ಳಿಗಾಡಿನಲ್ಲಿ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ವಿಚಾರಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕೋವಿ ಇಟ್ಟ ಜಾಗ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ ಎಂದ ತಂದೆತಾಯಿಯರಲ್ಲಿ 100ಕ್ಕೆ 39 ಮಂದಿಯ ಮಕ್ಕಳು, ನಮಗೆ ಗೊತ್ತು ಎಂದು ಹೇಳಿದರು.

"ಗೊತ್ತಿದ್ದರೇನು, ಅಷ್ಟು ಚಿಕ್ಕ ಬೆರಳಿಗೆ ಟ್ರಿಗರ್ ಎಳೆಯುವ ಶಕ್ತಿ ಇರುತ್ತದೆಯೇ?" ಇದಕ್ಕೂ ಉತ್ತರವಿದೆ. ಅಮೆರಿಕದ ವೈದ್ಯರು 1995ರಲ್ಲಿ ಮಕ್ಕಳ ಬೆರಳಿನ ಬಲವನ್ನು ಅಳೆದು ನೋಡಿದರು. ಎರಡೂ ತೋರುಬೆರಳು ಸೇರಿಸಿ ಎಳೆದಾಗ 3-4 ವರ್ಷದ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು, 5-6 ವರ್ಷದವರಲ್ಲಿ ಹತ್ತರಲ್ಲಿ ಏಳು ಮಂದಿ 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ಬಲ ಹಾಕಬಲ್ಲರು. ಅನೇಕ ಪಿಸ್ತೂಲುಗಳಿಗೆ ಅಷ್ಟು ಬಲವೂ ಬೇಕಿಲ್ಲ. ಅಂಗನವಾಡಿಗೆ ಹೋಗುವ ಮಗು, ಅಕ್ಕತಂಗಿಯರೇ!

ಕೊಳ್ಳುವಾಗ ನೋಡಬೇಕಾದದ್ದು

ಆದ್ದರಿಂದ ಪಿಸ್ತೂಲಿಗೆ ಅದರದೇ ಉಕ್ಕಿನ ಪೆಟ್ಟಿಗೆ ಬೇಕು. ಅಂಗಡಿಗೆ ಗಂಡಸೇ ಹೋಗಲಿ, ಆದರೆ ಈ ಮಾತುಗಳನ್ನು ನಾವು ಕೇಳಬೇಕು.

ಮೊದಲನೆಯದು, ಪೆಟ್ಟಿಗೆಯ ಮೈ. ಬೀರುವಿನ ತಗಡನ್ನು ಒಂದು ಸ್ಕ್ರೂಡ್ರೈವರಿನಿಂದ ಬಗ್ಗಿಸಬಹುದು. ಪಿಸ್ತೂಲಿನ ಪೆಟ್ಟಿಗೆಯ ಉಕ್ಕು 2 ಮಿಲಿಮೀಟರಿಗಿಂತ ತೆಳುವಾಗಿರಬಾರದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಏನನ್ನಾದರೂ ತೂರಿಸಿ ಮೀಟುವಷ್ಟು ಸಂದು ಇರಬಾರದು, ತಿರುಗಣೆ ಒಳಗಡೆ ಇರಬೇಕು.

ಎರಡನೆಯದು, ಅದನ್ನು ಬಿಗಿಯುವ ಜಾಗ. ಪಿಸ್ತೂಲಿನ ಪೆಟ್ಟಿಗೆ ಊಟದ ಡಬ್ಬಿಯಷ್ಟು ಚಿಕ್ಕದಿರುತ್ತದೆ. ಹಾಗೇ ಇಟ್ಟರೆ ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಒಳಗಿನಿಂದ ಬೋಲ್ಟು ಹಾಕಿ ಗೋಡೆಗೋ ನೆಲಕ್ಕೋ ಬಿಗಿಯಬೇಕು.

ಮೂರನೆಯದು, ಬೀಗ. ನಂಬರು ಒತ್ತುವ ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಮೇಲಿನಿಂದ ಜೋರಾಗಿ ಗುದ್ದಿದರೆ ತೆರೆದುಕೊಳ್ಳುತ್ತವೆ. ಅಂಗಡಿಯಲ್ಲೇ ಬೀಗ ಹಾಕಿ, ಗುದ್ದಿ, ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಬೇಕು. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಂಪನಿಯಿಂದ ಬಂದ ನಂಬರನ್ನು ಅಂದೇ ಬದಲಿಸಬೇಕು. ಮಗುವಿನ ಹುಟ್ಟಿದ ದಿನವನ್ನೇ ನಂಬರು ಮಾಡಿದರೆ ಅದನ್ನು ಮೊದಲು ಒತ್ತುವುದು ಆ ಮಗುವೇ. ಬ್ಯಾಟರಿ ಮುಗಿದಾಗ ತೆರೆಯಲೆಂದು ಒಂದು ಕೀಲಿಯನ್ನೂ ಕೊಟ್ಟಿರುತ್ತಾರೆ. ಅದನ್ನು ಪೆಟ್ಟಿಗೆಯ ಪಕ್ಕದ ಮೊಳೆಗೆ ನೇತುಹಾಕಿದರೆ ನಂಬರು ಇದ್ದೂ ಇಲ್ಲದ ಹಾಗೆ.

ಬೆರಳಿಟ್ಟರೆ ತೆರೆಯುವ ಪೆಟ್ಟಿಗೆಗಳಿಗೆ ಈಗ ಜನ ಮರುಳಾಗಿದ್ದಾರೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಒಂದೇ ಕಂಪನಿಯ ಇಂಥ ಸುಮಾರು 61,000 ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆಯುವ ಪ್ರಕಟಣೆ ಹೊರಡಿಸಿತು. ಕಾರಣ, ಅವು ಬೇರೆಯವರ ಬೆರಳಿಗೂ ತೆರೆದುಕೊಳ್ಳುತ್ತಿದ್ದವು. ಆ ಪ್ರಕಟಣೆಯ ಹಿಂದೆ 12 ವರ್ಷದ ಒಬ್ಬ ಹುಡುಗನ ಸಾವು ಇತ್ತು. ಕೊಂಡ ದಿನವೇ ಮನೆಯವರೆಲ್ಲ, ಮಕ್ಕಳೂ ಸೇರಿ, ಒಬ್ಬೊಬ್ಬರಾಗಿ ಬೆರಳಿಟ್ಟು ನೋಡಬೇಕು. ಒಳಗೆ ಪಿಸ್ತೂಲು ಇಡುವುದು ಆಮೇಲೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪೆಟ್ಟಿಗೆಯೊಳಗೆ ಹೋಗುವ ಪಿಸ್ತೂಲು ಖಾಲಿ ಇರಬೇಕು, ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇರಬೇಕು. ಮ್ಯಾಗಜಿನ್ ತೆಗೆದ ಕೂಡಲೇ ಪಿಸ್ತೂಲು ಖಾಲಿಯಾಯಿತು ಎಂದು ತಿಳಿಯುವವರು ಬಹಳ. ನಳಿಗೆಯ ಬುಡದಲ್ಲಿ ಒಂದು ಗುಂಡು ಕುಳಿತೇ ಇರಬಹುದು. "ಖಾಲಿ ಇದೆ" ಎಂದುಕೊಂಡ ಪಿಸ್ತೂಲಿನಿಂದಲೇ ಎಷ್ಟೋ ಮಕ್ಕಳು ಸತ್ತಿದ್ದಾರೆ. ಹಿಂದಕ್ಕೆ ಎಳೆದು, ಕಣ್ಣಿಂದ ನೋಡಿ, ಆಮೇಲೆ ಇಡಬೇಕು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದ್ದೂ ಇದನ್ನೇ: ಕೋವಿಗೆ ಬೀಗ, ಕೋವಿ ಖಾಲಿ, ಗುಂಡು ಬೇರೆ ಕಡೆ, ಗುಂಡಿಗೂ ಬೀಗ. ಹೀಗಿರುವ ಮನೆಗಳಲ್ಲಿ ಮಕ್ಕಳು ಕೈತಪ್ಪಿ ಹೊಡೆದುಕೊಳ್ಳುವುದೂ, ಹರೆಯದವರು ಬೇಸರದಲ್ಲಿ ಪ್ರಾಣ ಕಳೆದುಕೊಳ್ಳುವುದೂ ಕಡಿಮೆ. ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಆ ಕೆಟ್ಟ ಗಳಿಗೆ ದಾಟಿಹೋಗುವವರೆಗೆ ಒಂದು ಬೀಗ ಅಡ್ಡ ನಿಂತರೂ ಸಾಕು, ಜೀವ ಉಳಿಯುತ್ತದೆ.

ಇದಕ್ಕೆ ಗಂಡಸರು ಹೂಡುವ ವಾದ ಗೊತ್ತೇ ಇದೆ. "ರಾತ್ರಿ ಕಳ್ಳ ಬಂದರೆ ಪೆಟ್ಟಿಗೆ ತೆರೆಯುತ್ತ ಕೂರಬೇಕೇ?" ನಾನು ಕೇಳುತ್ತೇನೆ: ಕಳ್ಳ ಬರುವುದು ಎಷ್ಟು ವರ್ಷಕ್ಕೊಮ್ಮೆ? ಮಗು ಆ ಕೋಣೆಗೆ ಬರುವುದು ದಿನಕ್ಕೆ ಎಷ್ಟು ಸಲ? ಹಂದಿ, ಆನೆ ಗದ್ದೆಗೆ ಬರುತ್ತವೆಯೇ ಹೊರತು ಮಲಗುವ ಕೋಣೆಗಲ್ಲ. ಇನ್ನು ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ಆಚಾರದ ಮೇಲೆ ನನಗೆ ಜಗಳವಿಲ್ಲ. ದೇವರ ಒಡವೆಗೂ ನಾವು ಬೀಗ ಹಾಕುತ್ತೇವೆ, ಅದರಿಂದ ದೇವರಿಗೆ ಅವಮಾನವಾಗುವುದಿಲ್ಲ. ಆದರೆ ಗಂಡು ಕೂಸು ಹುಟ್ಟಿದಾಗ ಅಲ್ಲಿ ಒಂದು ಗುಂಡು ಹಾರಿಸಿ ಊರಿಗೆ ಸಾರುವ ಪದ್ಧತಿಯೂ ಇದೆ. ಆ ಸದ್ದು ಯಾರಿಗಾಗಿ, ಯಾರಿಗಲ್ಲ ಎಂಬುದನ್ನು ಅಲ್ಲಿನ ಅಕ್ಕತಂಗಿಯರೇ ಯೋಚಿಸಲಿ.

ಪೆಟ್ಟಿಗೆ ಯಾರಿಂದ ಯಾರನ್ನು ಕಾಯುತ್ತದೆ?

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಂಗಡಿಯವನು ಅದನ್ನು ಕೇಳುವುದಿಲ್ಲ, ಪೊಲೀಸರು ಕೇಳುವುದಿಲ್ಲ. ನಮ್ಮ ಪತ್ರಿಕೆಯೇ ಕೇಳಬೇಕು. ಅತ್ಯುತ್ತಮ ಪೆಟ್ಟಿಗೆ ಮಗುವಿನ ಕೈಯಿಂದ ಪಿಸ್ತೂಲನ್ನು ಕಾಯುತ್ತದೆ. ಮಗುವಿನ ಅಪ್ಪನ ಕೈಯಿಂದ ಮಗುವಿನ ಅಮ್ಮನನ್ನು ಕಾಯುವವರು ಯಾರು?

ಒಂದು ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದಾಗ ಒಬ್ಬಾಕೆ ಮೆಲ್ಲಗೆ ಹೇಳಿದಳು: "ಅವರು ಒಂದು ಸಲವೂ ನನ್ನ ಮೇಲೆ ಎತ್ತಿಲ್ಲ ಮೇಡಂ. ಊಟಕ್ಕೆ ಕೂತಾಗ ತೆಗೆದು ತಟ್ಟೆ ಪಕ್ಕ ಇಡ್ತಾರೆ, ಅಷ್ಟೇ." ಅಷ್ಟೇ! ತವರಿನಿಂದ ಬರಬೇಕಾದ ಬಾಕಿ ಹಣದ ಮಾತನ್ನು ಆತ ಆ ಊಟದ ಹೊತ್ತಿಗೇ ಎತ್ತುತ್ತಾನೆ. ಗುಂಡು ಹಾರಿಲ್ಲ, ಗಾಯವಿಲ್ಲ, ಆಸ್ಪತ್ರೆಯ ಚೀಟಿಯಿಲ್ಲ. ಆದರೆ ಆ ಮನೆಯಲ್ಲಿ ದಿನಕ್ಕೆರಡು ಸಲ ಪಿಸ್ತೂಲು ಮಾತಾಡುತ್ತದೆ, ಆಕೆ ಸುಮ್ಮನಿರುತ್ತಾಳೆ. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ಬೆದರಿಕೆಯೂ ದೌರ್ಜನ್ಯವೇ. ವರದಕ್ಷಿಣೆಗಾಗಿ ಕಾಡುವುದೂ ದೌರ್ಜನ್ಯವೇ. ರಕ್ತ ಬರುವವರೆಗೆ ಕಾಯಬೇಕಿಲ್ಲ.

ಅಮೆರಿಕದ ಹಲವು ನಗರಗಳಲ್ಲಿ ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಹೆಂಗಸರ ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹೊಡೆಯುವ ಗಂಡಸಿನ ಕೈಗೆ ಕೋವಿಯೂ ಸಿಗುವಂತಿದ್ದರೆ ಹೆಂಗಸು ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಇದನ್ನು ತಿಳಿಯಲು ನಮಗೆ ಅಮೆರಿಕದವರೇ ಬೇಕಿರಲಿಲ್ಲ. ಒಂದು ಕಾಲದಲ್ಲಿ ನಮ್ಮೂರುಗಳಲ್ಲಿ ಸೊಸೆಯಂದಿರೆಲ್ಲ "ಸ್ಟವ್ ಸಿಡಿದು" ಸಾಯುತ್ತಿದ್ದರು. ಅದೇ ಸ್ಟವ್ ಅತ್ತೆಯ ಮೇಲೆ, ಗಂಡನ ಮೇಲೆ ಯಾಕೆ ಸಿಡಿಯುವುದಿಲ್ಲ ಎಂದು ಮಹಿಳಾ ಸಂಘಟನೆಗಳು ಬೀದಿಗಿಳಿದು ಕೇಳಿದ ಮೇಲೆ "ಆಕಸ್ಮಿಕ" ಎಂಬ ಪದದ ಬಣ್ಣ ಬಯಲಾಯಿತು. ಕೋವಿಗೂ ಅಂಥದೇ ಒಂದು ವಾಕ್ಯ ಸಿದ್ಧವಾಗಿದೆ: "ಒರೆಸುವಾಗ ಗುಂಡು ಹಾರಿತು." ಯಾರು ಒರೆಸುತ್ತಿದ್ದರು, ಯಾರ ಕಡೆ ಮುಖ ಮಾಡಿ ಒರೆಸುತ್ತಿದ್ದರು, ಗುಂಡು ತುಂಬಿಟ್ಟು ಯಾಕೆ ಒರೆಸುತ್ತಿದ್ದರು? ಈ ಮೂರು ಪ್ರಶ್ನೆಗಳನ್ನು ನಾವು ಪ್ರತಿ ಸಲವೂ ಕೇಳಬೇಕು.

ಹಾಗಾದರೆ ಏನು ಮಾಡೋಣ? ಮನೆಗಳು ಎರಡು ಬಗೆ.

ಗಂಡಹೆಂಡಿರ ನಡುವೆ ಹೊಡೆತ, ಬೆದರಿಕೆ ಇಲ್ಲದ ಮನೆ ಮೊದಲನೆಯ ಬಗೆ. ಅಲ್ಲಿ ಪೆಟ್ಟಿಗೆಗೆ ಎರಡು ಬೀಗ ಹಾಕಿಸಿ. ಊರಿನ ವೆಲ್ಡಿಂಗ್ ಅಂಗಡಿಯವನೇ ಎರಡು ಚಿಲಕ ಕೂರಿಸಿಕೊಡುತ್ತಾನೆ. ಒಂದು ಬೀಗದ ಕೈ ಲೈಸೆನ್ಸು ಇರುವವನ ಹತ್ತಿರ, ಇನ್ನೊಂದು ಹೆಂಡತಿಯ ಸೆರಗಿನಲ್ಲಿ. ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಬೇಕಲ್ಲ, ಹಾಗೆ. ಆಕೆ ಒಬ್ಬಳೇ ತೆರೆಯಲಾರಳು, ಆದ್ದರಿಂದ ಕೋವಿ ಆಕೆಯ ವಶಕ್ಕೆ ಬರುವುದಿಲ್ಲ. ಕಾನೂನಿನ ಹೊಣೆ ಲೈಸೆನ್ಸುದಾರನದೇ. ಆತನೂ ಒಬ್ಬನೇ ತೆರೆಯಲಾರ. ಕುಡಿದು ಬಂದ ರಾತ್ರಿ, ಗಡಿ ಜಗಳದ ಸಿಟ್ಟಿನ ರಾತ್ರಿ, "ಬೆಳಗಾಗಲಿ" ಎನ್ನುವ ಹಕ್ಕು ಆಕೆಗೆ ಬರುತ್ತದೆ. ಇದಕ್ಕೆ ಒಪ್ಪದ ಗಂಡನನ್ನು ಕೇಳಿ: ಸಂಘದ ಪೆಟ್ಟಿಗೆಗೆ ಇರುವ ನಿಯಮ ನಿಮ್ಮ ಪೆಟ್ಟಿಗೆಗೆ ಯಾಕಿಲ್ಲ?

ಹೊಡೆತ, ಬೆದರಿಕೆ ಇರುವ ಮನೆ ಎರಡನೆಯ ಬಗೆ. ಅಲ್ಲಿ ಮಾತ್ರ ಬೀಗದ ಕೈ ಇಟ್ಟುಕೊಳ್ಳಲು ಹೋಗಬೇಡಿ. ಆ ಕೈಗಾಗಿಯೇ ಆತ ಹೊಡೆಯುತ್ತಾನೆ. ಪಿಸ್ತೂಲು ಬಚ್ಚಿಡಬೇಡಿ, ಕಿತ್ತುಕೊಳ್ಳಲು ಹೋಗಬೇಡಿ. ಅಂಥ ಮನೆಗೆ ತಕ್ಕ ಪೆಟ್ಟಿಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಲ್ಲಿಂದ ಪಿಸ್ತೂಲೇ ಹೊರಗೆ ಹೋಗಬೇಕು.

ಕಾನೂನು ಇದೆ, ಕೇಳುವವರು ಬೇಕು

ಪಿಸ್ತೂಲನ್ನು ಹೊರಗೆ ಹಾಕಿಸುವ ದಾರಿ ಕಾನೂನಿನಲ್ಲಿದೆ. ಕೌಟುಂಬಿಕ ದೌರ್ಜನ್ಯ ಕಾಯಿದೆಯ 2006ರ ನಿಯಮಗಳ ಪ್ರಕಾರ, ಮ್ಯಾಜಿಸ್ಟ್ರೇಟರು ಬರಹದಲ್ಲಿ ಆದೇಶಿಸಿದರೆ ಸಂರಕ್ಷಣಾಧಿಕಾರಿ ಪೊಲೀಸರ ನೆರವು ಪಡೆದು, ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ನಮ್ಮ ಅಂಗನವಾಡಿಗಳ ಸಿಡಿಪಿಓ, ಸಂರಕ್ಷಣಾಧಿಕಾರಿಯ ಕೆಲಸವನ್ನೂ ಮಾಡುತ್ತಾರೆ. ಅವರ ಕಚೇರಿಯ ದಾರಿ ಸಂಘದವರಿಗೆ ಹೊಸದಲ್ಲ. ಅರ್ಜಿಯಲ್ಲಿ "ಹೊಡೆಯುತ್ತಾರೆ" ಎಂದಷ್ಟೇ ಬರೆಸಬೇಡಿ. "ಮನೆಯಲ್ಲಿ ಪಿಸ್ತೂಲು ಇದೆ, ಅದನ್ನು ತೋರಿಸಿ ಬೆದರಿಸುತ್ತಾರೆ, ವಶಪಡಿಸಿಕೊಳ್ಳಲು ಆದೇಶಿಸಿ" ಎಂದು ಬಿಡಿಸಿ ಬರೆಸಿ. ಬರೆಯದ ಮಾತಿಗೆ ಕೋರ್ಟಿನಲ್ಲಿ ಆದೇಶ ಹುಟ್ಟುವುದಿಲ್ಲ. ತುರ್ತು ಇದ್ದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಪಿಸ್ತೂಲಿನ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿ.

ಎರಡನೆಯ ದಾರಿ 1959ರ ಆಯುಧ ಕಾಯಿದೆಯದು. ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಗೆ ಅಗತ್ಯವೆನಿಸಿದರೆ, ಅಥವಾ ಲೈಸೆನ್ಸುದಾರ ಅದಕ್ಕೆ ತಕ್ಕವನಲ್ಲವೆಂದು ಕಂಡರೆ, ಲೈಸೆನ್ಸು ಕೊಟ್ಟ ಅಧಿಕಾರಿಯೇ ಅದನ್ನು ಅಮಾನತಿನಲ್ಲಿಡಬಹುದು, ರದ್ದು ಮಾಡಬಹುದು. ಜಿಲ್ಲೆಯಲ್ಲಿ ಆ ಅಧಿಕಾರ ಜಿಲ್ಲಾಧಿಕಾರಿಗಿದೆ. ಒಬ್ಬಳ ಹೆಸರಿನಲ್ಲಿ ಬರೆದರೆ ಮನೆಯಲ್ಲಿ ಜಗಳ. ಸಂಘದ ಲೆಟರ್‌ಹೆಡ್ಡಿನಲ್ಲಿ ಹದಿನೈದು ಜನ ರುಜು ಹಾಕಿ ಬರೆದರೆ ಅದು ಊರಿನ ಮನವಿ. ಆದರೆ ಮನವಿ ಹೋದ ಸುದ್ದಿ ತಿಳಿದ ದಿನ ಆಕೆ ಆ ಮನೆಯಲ್ಲಿ ಒಂಟಿಯಾಗಿರಬಾರದು. ಆಕೆಯನ್ನು ಕೇಳಿ, ಆಕೆ ಒಪ್ಪಿದ ಮೇಲೆ, ಆಕೆಯ ಮಕ್ಕಳ ವ್ಯವಸ್ಥೆ ಮಾಡಿಕೊಂಡೇ ಹೆಜ್ಜೆ ಇಡಿ.

ಅಧಿಕಾರಿಗಳು "ಹಾಗೆಲ್ಲ ಕೋವಿ ತೆಗೆದುಕೊಳ್ಳಲು ಬರುವುದಿಲ್ಲ" ಎಂದರೆ ಚುನಾವಣೆಯನ್ನು ನೆನಪಿಸಿ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸು ಇರುವ ಕೋವಿಗಳನ್ನು ಠಾಣೆಗಳಲ್ಲಿ ಜಮಾ ಮಾಡಿಸಿಕೊಳ್ಳುತ್ತಾರೆ. ಬೆಳೆಗಾರರು ಎಷ್ಟು ಗೊಣಗಿದರೂ ಸಾವಿರಾರು ಕೋವಿಗಳು ಠಾಣೆಗೆ ಹೋಗುತ್ತವೆ. ಓಟಿನ ರಕ್ಷಣೆಗೆ ಸಾಧ್ಯವಾದದ್ದು ಓಟು ಹಾಕುವ ಹೆಂಗಸಿನ ಜೀವದ ರಕ್ಷಣೆಗೆ ಸಾಧ್ಯವಿಲ್ಲವೇ?

ನಮ್ಮ ಸರ್ಕಾರಗಳು ಹೆಂಗಸಿನ ರಕ್ಷಣೆ ಎಂದರೆ ಏನು ತಿಳಿದಿವೆ ನೋಡಿ. 2012ರ ಡಿಸೆಂಬರಿನ ದೆಹಲಿಯ ಘೋರ ಅತ್ಯಾಚಾರದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ "ನಿರ್ಭೀಕ್" ಎಂಬ ಹಗುರ ರಿವಾಲ್ವರ್ ತಂದಿತು. ಹೆಂಗಸರ ಕೈಚೀಲಕ್ಕೆಂದು ಮಾಡಿದ್ದಂತೆ. ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಸತ್ತ ಹುಡುಗಿಯ ಹೆಸರಿನಲ್ಲಿ ರಿವಾಲ್ವರ್ ಮಾರಿದರು. ಬಹಳಷ್ಟು ಹೆಂಗಸರಿಗೆ ಅಪಾಯ ಬರುವುದು ಬೀದಿಯ ಅಪರಿಚಿತನಿಂದಲ್ಲ, ಒಂದೇ ಸೂರಿನಡಿ ಮಲಗುವವನಿಂದ. ಆಕೆಯ ಕೈಚೀಲದ ರಿವಾಲ್ವರ್ ರಾತ್ರಿ ಅದೇ ಬೀರುವಿಗೆ ಹೋಗುತ್ತದೆ. ಬೀರುವಿನ ಬೀಗದ ಕೈ ಮತ್ತೆ ಯಾರ ಹತ್ತಿರ?

ನಮ್ಮ ಬೇಡಿಕೆಗಳು

2016ರ ಆಯುಧ ನಿಯಮಗಳಂತೆ ಲೈಸೆನ್ಸು ಕೇಳುವವನು ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು, ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ತರಬೇಕು. ಆದರೆ ಆತನ ಕೋಪವನ್ನು ದಿನವೂ ಕಾಣುವ ಹೆಂಡತಿಯ ರುಜುವನ್ನು ಮಾತ್ರ ಕೇಳುವುದಿಲ್ಲ. ಕೆನಡಾದಲ್ಲಿ ಕೇಳುತ್ತಾರೆ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್ ನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬ ಗಂಡಸು 14 ಹೆಂಗಸರನ್ನು ಕೊಂದ ಮೇಲೆ ಅಲ್ಲಿ ದೊಡ್ಡ ಹೋರಾಟ ನಡೆದು 1995ರಲ್ಲಿ ಹೊಸ ಕಾಯಿದೆ ಬಂತು. ಅಲ್ಲಿ ಲೈಸೆನ್ಸಿನ ಅರ್ಜಿಯಲ್ಲಿ ಹೆಂಡತಿಯ, ಹಿಂದಿನ ಎರಡು ವರ್ಷಗಳಲ್ಲಿ ದೂರವಾದ ಹೆಂಡತಿಯ ರುಜುವಿಗೂ ಜಾಗವಿದೆ. ರುಜು ಇಲ್ಲದಿದ್ದರೆ ಅಧಿಕಾರಿಗಳೇ ಆಕೆಗೆ ತಿಳಿಸುತ್ತಾರೆ. ಕೋವಿಯ ಹಕ್ಕನ್ನೇ ಸಂವಿಧಾನಕ್ಕೆ ಸೇರಿಸಿಕೊಂಡ ಅಮೆರಿಕದಲ್ಲಿ ಕೂಡ, ಹೆಂಡತಿಗೆ ಹೊಡೆದು ಅಪರಾಧಿಯೆಂದು ತೀರ್ಮಾನವಾದವನು ಕೋವಿ ಇಟ್ಟುಕೊಳ್ಳಬಾರದೆಂದು 1996ರಲ್ಲಿ ಕಾನೂನಾಯಿತು. ರಕ್ಷಣಾ ಆದೇಶಕ್ಕೆ ಒಳಗಾದವನಿಗೆ ಕೋವಿ ಕೂಡದೆಂಬ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ಎತ್ತಿಹಿಡಿಯಿತು.

ಆದ್ದರಿಂದ ನಾವು ಕೇಳುವುದು ಇಷ್ಟು:

1. ಲೈಸೆನ್ಸು ಕೊಡುವಾಗಲೂ ನವೀಕರಿಸುವಾಗಲೂ ಹೆಂಡತಿಯನ್ನು, ಗಂಡ ಮತ್ತು ಅತ್ತೆಮಾವಂದಿರು ಎದುರಿಗಿಲ್ಲದಾಗ, ಮಹಿಳಾ ಅಧಿಕಾರಿ ವಿಚಾರಿಸಬೇಕು.

2. ಪೆಟ್ಟಿಗೆಯನ್ನು ಗೋಡೆಗೆ ಬಿಗಿದದ್ದನ್ನು ಪೊಲೀಸರು ಮನೆಗೆ ಬಂದು ಕಣ್ಣಾರೆ ನೋಡಿದ ಮೇಲೆಯೇ ಪಿಸ್ತೂಲು ಕೊಳ್ಳಲು ಬಿಡಬೇಕು. ಬರೀ ಮುಚ್ಚಳಿಕೆ ಸಾಲದು.

3. ಕೌಟುಂಬಿಕ ದೌರ್ಜನ್ಯದ ಅಥವಾ ವರದಕ್ಷಿಣೆ ಕಿರುಕುಳದ ದೂರು ಬಂದ ದಿನವೇ ಆ ಮನೆಯ ಕೋವಿ ಠಾಣೆಗೆ ಬರಬೇಕು. ದೂರು ಇತ್ಯರ್ಥವಾಗುವವರೆಗೆ ಹಿಂದಕ್ಕೆ ಹೋಗಬಾರದು.

4. ಲೈಸೆನ್ಸಿನ ವಿನಾಯಿತಿ ಇರುವವರಿಗೂ ಪೆಟ್ಟಿಗೆಯ ನಿಯಮದಿಂದ ವಿನಾಯಿತಿ ಇರಬಾರದು.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬರುವ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿ, ಪೆಟ್ಟಿಗೆಗೆ ಬೀಗ ಹಾಕಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಓಣಿಯಲ್ಲಿ, ನಾವು ಕೆಲಸಕ್ಕೆ ಹೋಗುವ ಮನೆಗಳಲ್ಲಿ ಕೋವಿ ಎಲ್ಲೆಲ್ಲಿದೆ? ಅದಕ್ಕೆ ಬೀಗ ಇದೆಯೇ? ಬೀಗದ ಕೈ ಯಾರ ಸೊಂಟದಲ್ಲಿದೆ? ಒಬ್ಬಳಿಗೆ ಬಾಯಿ ಬಿಟ್ಟು ಹೇಳಲು ಭಯವಾದರೆ ಆಕೆಯ ಪರವಾಗಿ ಹದಿನೈದು ಬಾಯಿಗಳು ಹೇಳಲಿ. ಸಂಘ ಕಟ್ಟಿದ್ದು ಸಾಲಕ್ಕೆ ಮಾತ್ರವಲ್ಲ.